ಕಿಡ್ನಿ ಆಪರೇಷನ್‌ನಲ್ಲಿ ಲಿಂಫ್ ಗಂಟು ತೆಗೆಯದೆ ಬಿಟ್ಟದ್ದು ಯಾಕೆ?

ಕ್ಯಾನ್ಸರ್ ಅಂತ ನಿಮ್ಮ ತಂದೆಯವರ ಕಿಡ್ನಿ ತೆಗೆದರೂ ಲಿಂಫ್ ಗಂಟು (ಕ್ಯಾನ್ಸರ್ ಹರಡಬಹುದಾದ, ಹತ್ತಿರದ ಸಣ್ಣ ಗ್ರಂಥಿಗಳು) ಬಿಟ್ಟದ್ದು, ಹೆಚ್ಚಾಗಿ, ಸ್ಕ್ಯಾನ್‌ನಲ್ಲಿ ಅವು ಊದಿಕೊಂಡಿರದ ಕಾರಣಕ್ಕೆ. ಊದದ ಗಂಟು ತೆಗೆದವರಲ್ಲಿ ಆಯುಸ್ಸು ಜಾಸ್ತಿಯಾದದ್ದು ಯುರೋಪಿನ 772 ರೋಗಿಗಳ ಅಧ್ಯಯನದಲ್ಲಿ (2009) ಕಾಣಲಿಲ್ಲ.

ಬಯಾಪ್ಸಿ ರಿಪೋರ್ಟ್‌ನ ‘ಪಿಎನ್‌ಎಕ್ಸ್’ (pNX) ಅಂದರೆ ಗಂಟು ಪರೀಕ್ಷೆಗೆ ಹೋಗಿಲ್ಲ ಅಂತಷ್ಟೇ, ಕ್ಯಾನ್ಸರ್ ಹರಡಿದೆ ಅಂತ ಅಲ್ಲ. ನನ್ನ ಮಾವನ ರಿಪೋರ್ಟ್‌ನಲ್ಲೂ ಅದೇ ಇತ್ತು. ಮನೆಯವರೆಲ್ಲ ಸುಮ್ನೆ ಹೆದರಿದ್ದೆವು.

ಮೊದಲು ಆಪರೇಷನ್‌ಗೆ ಮುಂಚಿನ ಸಿಟಿ ರಿಪೋರ್ಟ್‌ನಲ್ಲಿ ಗಂಟಿನ ಬಗ್ಗೆ ಇರುವ ಸಾಲು ಓದಿ. ದೊಡ್ಡದಾಗಿತ್ತು ಅಂತಿದ್ದರೆ ಮಾತು ಬೇರೆ, ಯಾಕೆ ಬಿಟ್ಟಿರಿ ಅಂತ ಸರ್ಜನ್ ಹತ್ತಿರ ನೇರ ಕೇಳಿ. ರಿಪೋರ್ಟ್ ನೋಡದೆ ನಾನು ಹೇಳುವಂಥದ್ದಲ್ಲ ಅದು. ಆಮೇಲೆ ಮುಂದಿನ ಸ್ಕ್ಯಾನ್ ಯಾವಾಗ ಅಂತ ಬರೆಸಿಕೊಳ್ಳಿ. ಮಂಗಳೂರಿನಿಂದ ಮಣಿಪಾಲಕ್ಕೆ ಇನ್ನೊಬ್ಬರಿಗೆ ತೋರಿಸಲು ಹೋಗುವುದಾದರೆ ಸಿಟಿಯ ಸಿಡಿ, ಬಯಾಪ್ಸಿಯ ಸ್ಲೈಡ್, ಬ್ಲಾಕ್ (ತೆಗೆದ ಭಾಗದ ತುಂಡು ಇಟ್ಟ ಮೇಣದ ಅಚ್ಚು) ತಗೊಂಡೇ ಹೋಗಿ.