ಮಗ ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟಿರಾ?

ಮಂಡ್ಯದ ಒಬ್ಬ ತಾಯಿ ಬರೆದಿದ್ದಾರೆ. ಮಗನಿಗೆ ಹತ್ತು ವರ್ಷ, ಮಗಳಿಗೆ ಆರು. ರಜೆಗೆ ಬಂದಿರುವ ಮೈದುನ ಶನಿವಾರ ಎಲ್ಲರನ್ನೂ ಮೈಸೂರಿಗೆ ಕರೆದುಕೊಂಡು ಹೋಗಿ, ರಾತ್ರಿ ಶೋಗೆ ಕತ್ತು ಕಚ್ಚಿ ರಕ್ತ ಹೀರುವ ವ್ಯಾಂಪೈರ್ ಪಿಶಾಚಿಗಳ ಒಂದು ಹಾರರ್ ಕಾಮಿಡಿ ತೋರಿಸುವುದೇ ಸೈ ಎಂದು ಕೂತಿದ್ದಾರೆ. ಸರ್ಟಿಫಿಕೇಟ್ ಯುಎ 16+. ‘ಎ ಅಲ್ಲವಲ್ಲ ಅತ್ತಿಗೆ, ನಗೋ ಸಿನಿಮಾ’ ಅನ್ನುತ್ತಾರೆ. ಗಂಡ ಯಾವ ಕಡೆಗೂ ಮಾತಾಡಿಲ್ಲ. ಟ್ರೇಲರ್‌ನಲ್ಲಿ ನಗುವೇ ಜಾಸ್ತಿ ಇತ್ತು, ಕರೆದುಕೊಂಡು ಹೋಗಬಹುದಾ ಎಂದು ಇವರ ಪ್ರಶ್ನೆ.

ಪತ್ರದ ಕೊನೆಯಲ್ಲಿ ಒಂದೇ ಒಂದು ಸಾಲು ಇದೆ. ಮಗ ಊಟ ಮಾಡುತ್ತಾ ‘ಅಮ್ಮಾ, ಕಚ್ಚಿಸಿಕೊಂಡವರು ಆಮೇಲೆ ಸರಿ ಹೋಗ್ತಾರಾ?’ ಎಂದು ಎರಡು ಸಲ ಕೇಳಿದನಂತೆ. ಚಿಕ್ಕಪ್ಪ ‘ಪುಕ್ಕಲ’ ಎಂದು ನಕ್ಕರಂತೆ. ಆಮೇಲೆ ಹುಡುಗ ‘ನಂಗೇನೂ ಭಯ ಇಲ್ಲ, ಹೋಗೋಣ’ ಅಂದನಂತೆ. ‘ಅವನೂ ಒಪ್ಪಿದ್ದಾನೆ’ ಎಂದು ನೀವು ಬರೆದಿದ್ದೀರಿ.

ಇಲ್ಲಮ್ಮಾ, ಅವನು ಒಪ್ಪಿಲ್ಲ. ಅವನ ಬಾಯಿ ಮುಚ್ಚಿಸಿದ್ದಾರೆ. ಈ ಅಂಕಣದಲ್ಲಿ ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ: ಮಕ್ಕಳು ಭಯ ಆಗ್ತಿದೆ ಎಂದು ಹೇಳುವುದಿಲ್ಲ, ಪ್ರಶ್ನೆ ಕೇಳುತ್ತಾರೆ.

ಅವನು ಕೇಳಿದ್ದೂ ಸುಮ್ನೆ ಪ್ರಶ್ನೆ ಅಲ್ಲ. ವ್ಯಾಂಪೈರ್ ಕಥೆಯ ತಿರುಳೇ ಅದು. ದೊಡ್ಡವರು ರಕ್ತ ಎಷ್ಟಿದೆ ಎಂದು ನೋಡುತ್ತಾರೆ. ಮಕ್ಕಳನ್ನು ಹೆದರಿಸುವುದು ಬೇರೆ. ನಿನ್ನೆವರೆಗೆ ನಮ್ಮವರಾಗಿದ್ದವರು, ಒಮ್ಮೆ ಕಚ್ಚಿಸಿಕೊಂಡ ಮೇಲೆ ನಮ್ಮವರಲ್ಲ. ಅದೇ ಮುಖ, ಅದೇ ದನಿ, ಆದರೆ ಹತ್ತಿರ ಬಂದರೆ ಕಚ್ಚುತ್ತಾರೆ. ಚಿಕ್ಕ ಮಕ್ಕಳಿಗೆ ಕಣ್ಣೆದುರೇ ಮುಖ ಬದಲಾಗುವುದು ತುಂಬಾ ಕಾಡುತ್ತದೆ. ನಿಮ್ಮ ಮಗಳ ವಯಸ್ಸಿನಲ್ಲಿ ಅದು ಮೇಕಪ್, ಕಂಪ್ಯೂಟರ್ ಕೆಲಸ ಎಂದು ವಿವರಿಸಿದರೂ ಕತ್ತಲಾದ ಮೇಲೆ ಆ ವಿವರಣೆ ನೆನಪಿಗೆ ಬರುವುದಿಲ್ಲ. ಅವಳ ವಿಷಯದಲ್ಲಿ ಚರ್ಚೆಯೇ ಬೇಡ. ಶನಿವಾರ ಅವಳು ಅಜ್ಜಿ ಜೊತೆ ಇರಲಿ.

ಇನ್ನು ಕಾಮಿಡಿ. ಹಾರರ್ ಕಾಮಿಡಿಯಲ್ಲಿ ಮೊದಲು ಬೆಚ್ಚಿಬೀಳಿಸುತ್ತಾರೆ, ಆ ಕೂಡಲೇ ಒಂದು ಜೋಕ್ ಹಾಕುತ್ತಾರೆ. ನಾವು ಹಗುರಾಗಿ ನಗುತ್ತೇವೆ. ಮಗು ಇನ್ನೂ ಬೆಚ್ಚಿದ ಜಾಗದಲ್ಲೇ ಇರುತ್ತದೆ. ಹಾಲ್ ಪೂರ್ತಿ ನಗುವಾಗ ತನಗೊಬ್ಬನಿಗೇ ಭಯ ಎಂದು ಕುಗ್ಗುತ್ತದೆ. ಕತ್ತು ಕಚ್ಚುವ ದೃಶ್ಯಗಳಲ್ಲಿ ಪ್ರಣಯ ಬೆರೆಸುವುದೂ ಈ ಜಾತಿಯ ಸಿನಿಮಾಗಳ ಹಳೆಯ ರೂಢಿ. ಡಬಲ್ ಮೀನಿಂಗ್ ಮಾತುಗಳೂ ಇರಬಹುದು. ಟ್ರೇಲರ್‌ನಲ್ಲಿ ಇದೆಲ್ಲ ಗೊತ್ತಾಗದು. ಟ್ರೇಲರ್‌ಗೆ ಕೊಡುವ ಸರ್ಟಿಫಿಕೇಟೇ ಬೇರೆ, ಸಿನಿಮಾದ್ದೇ ಬೇರೆ.

‘ಎ ಅಲ್ಲವಲ್ಲ’ ಎಂಬ ಮಾತಿಗೂ ಉತ್ತರ ಇದೆ. ಮೊದಲು ಯುಎ ಎಂದರೆ ಒಂದೇ ಬುಟ್ಟಿ. 2023ರಲ್ಲಿ ಕಾನೂನು ತಿದ್ದಿ ಅದನ್ನು 7+, 13+, 16+ ಎಂದು ಮೂರು ಮಾಡಿದರು. ಎ ಸಿನಿಮಾಕ್ಕೆ 18 ತುಂಬದವರನ್ನು ಬಿಡುವಂತಿಲ್ಲ. ಯುಎ ಸಂಖ್ಯೆ ನೋಡಿ ಗೇಟಿನಲ್ಲಿ ಯಾರೂ ತಡೆಯುವುದಿಲ್ಲ. ಅದು ಅಪ್ಪ ಅಮ್ಮನಿಗೆ ಹೇಳಿದ ಮಾತು, ತೀರ್ಮಾನ ನಿಮ್ಮದು. ಹದಿನಾರು ಎಂದು ಬರೆದಿರುವ ಕಡೆ ನಿಮ್ಮ ಹುಡುಗನಿಗೆ ಇನ್ನೂ ಆರು ವರ್ಷ ಕಮ್ಮಿ.

ನನ್ನ ಸಿಟ್ಟೆಲ್ಲ ನಿಮ್ಮ ಮೈದುನನ ಮೇಲೆ. ‘ನಾವು ಕುರುಕ್ಷೇತ್ರ ನಾಟಕ ನೋಡಿ ಬೆಳೆದಿಲ್ವಾ, ಭೀಮ ದುಶ್ಶಾಸನನ ರಕ್ತ ಕುಡಿಯಲಿಲ್ವಾ’ ಅಂದರಂತೆ. ಮಂಡ್ಯ ಕಡೆ ಹಳ್ಳಿಗಳಲ್ಲಿ ಅದು ರಾತ್ರಿಯಿಡೀ ನಡೆಯುತ್ತದೆ, ನಿಜ. ಆದರೆ ಅಲ್ಲಿ ಭೀಮ ಯಾರು? ಬೆಳಿಗ್ಗೆ ಗದ್ದೆಗೆ ನೀರು ಕಟ್ಟುತ್ತಿದ್ದ ಪಕ್ಕದ ಮನೆ ಮಾವ. ಕಥೆ ಮಕ್ಕಳಿಗೆ ಮೊದಲೇ ಗೊತ್ತು. ಹಾಡು ಎಳೆದಷ್ಟೂ ಹಾರ್ಮೋನಿಯಂ ಜೊತೆಗೆ ಹೋಗುತ್ತದೆ. ನಿದ್ದೆ ಬಂದರೆ ಅಜ್ಜಿಯ ತೊಡೆ ಇದೆ, ಬೇಸರವಾದರೆ ಕಡ್ಲೆಕಾಯಿ ಅಂಗಡಿಗೆ ಎದ್ದು ಹೋಗಬಹುದು. ಮಾಲ್‌ನ ಕತ್ತಲಲ್ಲಿ, ಆ ಸದ್ದಿನಲ್ಲಿ, ‘ಪುಕ್ಕಲ’ ಎಂದ ಚಿಕ್ಕಪ್ಪನ ಪಕ್ಕದ ಸೀಟಿನಲ್ಲಿ ಕೂತ ಹುಡುಗ ಹೇಗೆ ಎದ್ದು ಹೋಗುತ್ತಾನೆ? ಮಕ್ಕಳ ಮೇಲಿನ ಪ್ರೀತಿಯಿಂದಲೇ ಕರೆಯುತ್ತಿರಬಹುದು. ಹತ್ತು ವರ್ಷದ ಹುಡುಗನ ಧೈರ್ಯ ಪರೀಕ್ಷೆ ಮಾಡುವ ಹಕ್ಕು ಅದರಿಂದ ಅವರಿಗೆ ಬರುವುದಿಲ್ಲ.

ನಾನು ಹೇಳುವುದು ಒಂದೇ. ಶನಿವಾರದ ಟಿಕೆಟ್ ಬುಕ್ ಮಾಡಬೇಡಿ. ಕೆಲಸಕ್ಕೆ ದಿನಾ ಮೈಸೂರಿಗೆ ಹೋಗುತ್ತೀರಿ ಎಂದು ಬರೆದಿದ್ದೀರಿ. ಈ ವಾರ ಒಂದು ಸಂಜೆ ನೀವೊಬ್ಬರೇ ಆ ಸಿನಿಮಾವನ್ನು ಪೂರ್ತಿ ನೋಡಿ ಬನ್ನಿ. ಅಂದು ಮಕ್ಕಳ ಊಟ, ಹೋಂವರ್ಕ್ ಗಂಡ ನೋಡಿಕೊಳ್ಳಲಿ, ಅಷ್ಟಾದರೂ ಅವರ ಪಾಲಿಗೆ ಇರಲಿ. ಮನೆಗೆ ಬಂದು, ಚಿಕ್ಕಪ್ಪ ಇಲ್ಲದ ಹೊತ್ತಲ್ಲಿ ಮಗನನ್ನು ಪಕ್ಕ ಕೂರಿಸಿಕೊಂಡು, ಕಚ್ಚಿಸಿಕೊಂಡವರು ಸರಿ ಹೋದರೋ ಇಲ್ಲವೋ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಆಮೇಲೆ ಬೇಕಾ ಎಂದು ಕೇಳಿ. ಅವನು ತಡವರಿಸಿದರೂ ಬೇಡ, ನಿಮಗೇ ಸರಿ ಕಾಣದಿದ್ದರೂ ಬೇಡ. ಬೇಡ ಅಂದದ್ದು ನೀವು ಎಂದೇ ಮೈದುನನಿಗೆ ಹೇಳಿ, ಮಗನ ಹೆಸರು ಎತ್ತಬೇಡಿ.