ಕಾದಂಬರಿಯ 'ನಾನು', ಆತ್ಮಕಥೆಯ 'ನಾನು' ಒಂದೇನಾ?

ಅಲ್ಲ. ಕಾದಂಬರಿಯ 'ನಾನು' ನಿರೂಪಕ, ಅಂದರೆ ಕಥೆ ಹೇಳಲೆಂದೇ ಲೇಖಕ ಹುಟ್ಟಿಸಿದ ಪಾತ್ರ. ಅವನು ಸುಳ್ಳು ಹೇಳಿದರೂ ಲೇಖಕನ ಕೊರಳಪಟ್ಟಿ ಹಿಡಿಯುವಂತಿಲ್ಲ. ಆತ್ಮಕಥೆಯಲ್ಲಿ ಹೇಳುವವರು ಲೇಖಕರೇ. ಅಲ್ಲಿ ಮಜಾ ಬೇರೆ: ಒಂದೇ 'ನಾನು' ಒಳಗೆ ಇಬ್ಬರಿರುತ್ತಾರೆ, ಅಂದು ಅನುಭವಿಸಿದವನು ಮತ್ತು ಇಂದು ನೆನೆಯುವವನು. ಒಬ್ಬರು ಹೀಗೆ ಬರೆದರು ಅನ್ನಿ: 'ಮುಂಬಯಿಯ ಮಾಟುಂಗಾದ ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆಯುತ್ತಿದ್ದೆ. ಕಣ್ಣು ಎಳೆಯುತ್ತಿದ್ದರೂ ರಾತ್ರಿಶಾಲೆಗೆ ಅಟ್ಟುತ್ತಿದ್ದ ಧಣಿಗಳ ಮೇಲೆ ಕೆಟ್ಟ ಸಿಟ್ಟು. ಅವರ ಋಣ ಗೊತ್ತಾಗಲು 20 ವರ್ಷ ಬೇಕಾಯ್ತು.' ಸಿಟ್ಟು ಹುಡುಗನದು, ಋಣದ ಮಾತು ದೊಡ್ಡವನದು, ಅಲ್ವಾ? ಓದುವಾಗ 'ಆಗ ಗೊತ್ತಿರಲಿಲ್ಲ', 'ಈಗ ಅನ್ನಿಸುತ್ತದೆ' ಥರದ ಮಾತು ಬಂದಲ್ಲಿ ನಿಲ್ಲಿ. ದನಿ ಬದಲಾಗುವುದು ಅಲ್ಲೇ. ಜಾಣ ಕಾದಂಬರಿಕಾರರು ಇದನ್ನೂ ನಕಲು ಮಾಡುತ್ತಾರೆ, ಅದು ಬೇರೆ ಮಾತು.