ಪ್ರತಿಕ್ರಿಯೆ: ಮಳೆಗಾಲದಲ್ಲಿ ಅರ್ಧಕ್ಕೇ ನಿಲ್ಲುವ ಡೌನ್‌ಲೋಡ್ ಮತ್ತು ಟೊರೆಂಟ್

ನಮಸ್ಕಾರ. ನಾಪೋಕ್ಲಿನಲ್ಲಿ ಮಳೆ ಹಿಡಿದರೆ ಕರೆಂಟ್ ಹೋಗಿ ಉಬುಂಟು ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆಯ (ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶದ) ಕಡತದ ಡೌನ್‌ಲೋಡ್ ಅರ್ಧಕ್ಕೇ ನಿಲ್ಲುತ್ತದೆ, ಟೊರೆಂಟ್ ಬಳಸಬಹುದೇ, ಅದು ಕಾನೂನಿಗೆ ವಿರುದ್ಧವೇ ಎಂದು ಕೇಳಿದ್ದೀರಿ. ಖಂಡಿತ ಬಳಸಿ; ನಿಮ್ಮ ತೊಂದರೆಗೆ ಅದೇ ತಕ್ಕ ದಾರಿ.

2001ರಲ್ಲಿ ಅಮೆರಿಕದ ಪ್ರೋಗ್ರಾಮರ್ ಬ್ರಾಮ್ ಕೋಹೆನ್ ರೂಪಿಸಿದ, ಟೊರೆಂಟ್ ಎಂದೂ ಕರೆಯುವ ಬಿಟ್‌ಟೊರೆಂಟ್ ಪದ್ಧತಿಯಲ್ಲಿ ಕಡತವು ಸಣ್ಣ ತುಂಡುಗಳಾಗಿ, ಅದನ್ನು ಈಗಾಗಲೇ ಪಡೆದಿರುವ ಅನೇಕರ ಕಂಪ್ಯೂಟರ್‌ಗಳಿಂದ ಏಕಕಾಲಕ್ಕೆ ಬರುತ್ತದೆ. ಬಂದ ಪ್ರತಿಯೊಂದು ತುಂಡನ್ನೂ ತಂತ್ರಾಂಶವು ಮೂಲದೊಂದಿಗೆ ತಾಳೆ ನೋಡಿ ಉಳಿಸಿಕೊಳ್ಳುವುದರಿಂದ, ವಿದ್ಯುತ್ ಮರಳಿದ ಮೇಲೆ ಬಾಕಿ ಉಳಿದ ತುಂಡುಗಳನ್ನಷ್ಟೇ ತರಿಸಿಕೊಂಡರೆ ಸಾಕು.

ಕ್ಯೂಬಿಟ್‌ಟೊರೆಂಟ್ ಎಂಬ ಮುಕ್ತ ತಂತ್ರಾಂಶವನ್ನು ಅದರ ಅಧಿಕೃತ ಜಾಲತಾಣದಿಂದಲೇ ಪಡೆಯಿರಿ. ಅದರಲ್ಲಿ ಜಾಹೀರಾತುಗಳಿಲ್ಲ, ಹೊಸಬರಿಗೆ ನಾನು ಸೂಚಿಸುವುದು ಇದನ್ನೇ. ಉಬುಂಟು ತಾಣದಲ್ಲಿಯೇ ಟೊರೆಂಟ್ ಕಡತ (ತುಂಡುಗಳ ವಿವರವಷ್ಟೇ ಇರುವ ಪುಟ್ಟ ಕಡತ) ದೊರೆಯುತ್ತದೆ. ಅದನ್ನು ಇದರಲ್ಲಿ ತೆರೆಯಿರಿ. ನೀವು ಪಡೆಯುತ್ತಿರುವಾಗಲೇ ನಿಮ್ಮಿಂದ ಇತರರಿಗೂ ಅಪ್‌ಲೋಡ್ ಆಗುತ್ತಿರುತ್ತದೆ ಎಂಬುದನ್ನು ದಯವಿಟ್ಟು ಗಮನದಲ್ಲಿಡಿ. ಮೊಬೈಲ್ ಡೇಟಾ ಬಳಸುವವರಾದರೆ ಅದೂ ಲೆಕ್ಕಕ್ಕೆ ಸೇರುವುದರಿಂದ, ಸೆಟ್ಟಿಂಗ್ಸ್‌ನಲ್ಲಿ ಅಪ್‌ಲೋಡ್ ವೇಗಕ್ಕೆ ಮಿತಿ ಹಾಕಿಕೊಳ್ಳಿ.

ಕಾನೂನಿನ ತೊಡಕಿರುವುದು ಪದ್ಧತಿಯಲ್ಲಲ್ಲ, ಹಂಚುವ ವಸ್ತುವಿನಲ್ಲಿ. ಉಬುಂಟುವನ್ನು ಹಂಚಲು ಅದರ ತಯಾರಕರೇ ಅನುಮತಿಸಿದ್ದಾರೆ. ಅನುಮತಿಯಿಲ್ಲದ ಚಲನಚಿತ್ರವನ್ನು ಇಳಿಸಿಕೊಂಡರೆ, 1957ರ ಕೃತಿಸ್ವಾಮ್ಯ ಕಾಯ್ದೆ ಅನ್ವಯಿಸುತ್ತದೆ, ಮತ್ತು ನಿಮ್ಮ ಐಪಿ ವಿಳಾಸವು (ಅಂತರ್ಜಾಲದಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಅದೇ ಕಡತವನ್ನು ಹಂಚಿಕೊಳ್ಳುತ್ತಿರುವ ಎಲ್ಲರಿಗೂ ಕಾಣುತ್ತಿರುತ್ತದೆ. ಉಬುಂಟು ಪೂರ್ತಿ ಬಂದ ಮೇಲೂ, ಬ್ರಾಡ್‌ಬ್ಯಾಂಡ್ ಇದ್ದರೆ, ಒಂದೆರಡು ದಿನ ತಂತ್ರಾಂಶವನ್ನು ಚಾಲನೆಯಲ್ಲಿಡಿ. ನಿಮ್ಮಂತೆಯೇ ಕಾಯುತ್ತಿರುವವರಿಗೆ ತುಂಡುಗಳು ನಿಮ್ಮಿಂದಲೂ ಸಿಗುತ್ತವೆ.